ನಾಲ್ಕು ಬೆರಳು ಮಣ್ಣು

ಮೇ ತಿಂಗಳ ಕೊನೆಯ ಭಾನುವಾರ ಶೀಲಾವತಿ ಟೀಚರ್ ಎದ್ದದ್ದೇ ಇವತ್ತೊಂದು ಮಳೆ ಬಂದುಬಿಟ್ಟರೆ ಸಾಕಿತ್ತು ಎಂದುಕೊಂಡು. ಬಾಗಿಲು ತೆಗೆದು ನೋಡಿದರೆ ಆಕಾಶ ಒರೆಸಿಟ್ಟ ಹಾಗಿತ್ತು. ಎರಡು ದಿನದಿಂದ ಸಂಜೆ ಹೊತ್ತಿಗೆ ಗುಡುಗಿ ಹೆದರಿಸುತ್ತಿದ್ದ ಮೋಡ ಇವತ್ತು, ಬೇಕಾದ ದಿನ, ಎಲ್ಲಿಗೋ ಹೋಗಿ ಕೂತಿತ್ತು. ಬೇರೆಯವರೆಲ್ಲ ಮಳೆಗೆ ಮೊದಲು ಕೆಲಸ ಮುಗಿಯಲಿ ಎಂದು ದೇವರಿಗೆ ಹೇಳಿಕೊಳ್ಳುತ್ತಿರುವಾಗ ಮಹಿಳಾ ಮಂಡಲದ ಕಾರ್ಯದರ್ಶಿಯೇ ಕೆಲಸ ನಿಂತುಹೋಗಲಿ ಎಂದು ಬೇಡುವುದು ನಾಚಿಕೆಗೇಡು ಎಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಮುಖ ತೊಳೆಯುವಾಗ, ಕಾಫಿ ಕುಡಿಯುವಾಗ, ಕೆಲಸಕ್ಕಾಗುವ ಹಳೆಯ ಸೀರೆಯೊಂದನ್ನು ಹುಡುಕಿ ಉಡುವಾಗ ಕಣ್ಣು ಮತ್ತೆ ಮತ್ತೆ ಕಿಟಕಿಯಾಚೆಗೇ ಹೋಗುತ್ತಿತ್ತು. ಮಳೆ ಬಂದರೆ ಗುಂಡಿ ತೋಡಲಾಗುವುದಿಲ್ಲ. ಗುಂಡಿ ಇಲ್ಲದಿದ್ದರೆ ಗೂಟ ಊರಲಾಗುವುದಿಲ್ಲ. ಗೂಟವಿಲ್ಲದೆ ಬೇಲಿ ಇಲ್ಲ. ಬೇಲಿ ಇಲ್ಲದಿದ್ದರೆ ಸೀತು ನೀರಿಗೆ ಬರುವ ದಾರಿ ಮುಚ್ಚುವುದಿಲ್ಲ, ತಾನು ಬಾಯಿ ಬಿಡಬೇಕಾದ ಅಗತ್ಯವೂ ಇಲ್ಲ. ನಲುವತ್ತೆರಡು ವರ್ಷದ ಹೆಂಗಸು, ಹದಿನಾರು ವರ್ಷದಿಂದ ಇದೇ ಊರಿನ ಶಾಲೆಯಲ್ಲಿ ಮಕ್ಕಳಿಗೆ ಸತ್ಯ ಹೇಳಬೇಕೆಂದು ಕಾಪಿ ಬರೆಸಿದವಳು, ಹೀಗೆ ಮಳೆಯ ಬೆನ್ನ ಹಿಂದೆ ಅಡಗಲು ನೋಡುತ್ತಿದ್ದಳು.

ಕುಂಬ್ರದಿಂದ ಎರಡು ಮೈಲಿ ಒಳಗೆ ಮುರಕಲ್ಲಿನ ಎತ್ತರದ ಬಯಲು. ಊರವರು ಅದಕ್ಕೆ ಪದವು ಎನ್ನುತ್ತಾರೆ. ವರ್ಷದ ಹತ್ತು ತಿಂಗಳು ಯಾರಿಗೂ ಬೇಡದ ಜಾಗ. ಆದರೆ ಜೋರು ಮಳೆ ಕಳೆದು ಆಗಸ್ಟ್ ನಡುವಿಗೆ ಸೋಣ ತಿಂಗಳು ಬಂತೆಂದರೆ ಆ ಕಲ್ಲಿನ ಮೇಲೆ ಉಗುರಿನಷ್ಟಗಲದ ನೀಲಿ ಹೂ, ಹಳದಿ ಹೂ, ಗುಂಡುಸೂಜಿ ತಲೆಯಂಥ ಬಿಳಿ ಹೂ ಕಾಲಿಡಲು ಜಾಗವಿಲ್ಲದಂತೆ ಬರುತ್ತಿದ್ದವು. ಶಾಲೆಯ ಪುಸ್ತಕದಲ್ಲಿ ಅವುಗಳ ಹೆಸರಿರಲಿಲ್ಲ. ಸೋಣದ ಹೂ ಎಂದರೆ ಎಲ್ಲರಿಗೂ ತಿಳಿಯುತ್ತಿತ್ತು. ಆ ತಿಂಗಳಿಡೀ ಹೆಂಗಸರು ಬೆಳಿಗ್ಗೆ ಎದ್ದು ಹೊಸ್ತಿಲಿಗೆ ಹೂವಿಟ್ಟು ಕೈ ಮುಗಿಯಬೇಕು. ಹಿಂದೆಲ್ಲ ಒಬ್ಬೊಬ್ಬರ ಮನೆಯ ಹಿಂದೆಯೂ ಹೂವಿನ ಗುಡ್ಡೆ ಇತ್ತಂತೆ. ಅಲ್ಲಿ ಗೇರು ಬಂತು, ರಬ್ಬರ್ ಬಂತು, ಕಲ್ಲಿನ ಕೋರೆ ಬಂತು. ಕೊನೆಗೆ ಉಳಿದದ್ದು ಮಂಡಲದ ಕಟ್ಟಡದ ಹಿಂದಿನ ಅರ್ಧ ಎಕರೆ ಮಾತ್ರ. ಇದನ್ನಾದರೂ ಉಳಿಸಿಕೊಳ್ಳಬೇಕೆಂದು ಯಾರೂ ಭಾಷಣ ಮಾಡಲಿಲ್ಲ. ಮೇ ಕೊನೆಯ ಭಾನುವಾರ ಹೆಂಗಸರು ತಾವಾಗಿಯೇ ಬಂದು ಕಮ್ಯುನಿಸ್ಟ್ ಸೊಪ್ಪೆಂಬ ಕಳೆಗಿಡ ಕೀಳುತ್ತಿದ್ದರು, ಒಣಹುಲ್ಲು ಆಯುತ್ತಿದ್ದರು. ಎಲ್ಲ ಬರಿಗೈಯಲ್ಲಿ. ಹಾರೆ ಮುಟ್ಟಿಸಬಾರದು, ಬೆಂಕಿ ಹಾಕಬಾರದು ಎಂದು ಮೊದಲಿನಿಂದಲೂ ಇತ್ತು. ಯಾಕೆಂದು ಯಾರೂ ಕೇಳಿರಲಿಲ್ಲ, ಯಾರೂ ಹೇಳಿರಲೂ ಇಲ್ಲ.

ಅವಳು ಹೋಗುವಾಗಲೇ ಹತ್ತು ಹನ್ನೊಂದು ಹೆಂಗಸರು ಅಂಚಿನ ಪೊದೆಗಳ ನಡುವೆ ಸೊಂಟಕ್ಕೆ ಸೆರಗು ಸಿಕ್ಕಿಸಿ ಬಗ್ಗಿದ್ದರು. ಅಧ್ಯಕ್ಷೆ ಹರಿಣಾಕ್ಷಿ, ದೊಡ್ಡ ಮನೆಯವಳು, ದೊಡ್ಡ ದನಿಯವಳು, ಗೇರು ಮರದ ಬುಡದಲ್ಲಿ ಮಜ್ಜಿಗೆಯ ಪಾತ್ರೆ ಇಡಿಸಿ ತಾನೂ ಸೊಪ್ಪು ಕೀಳುತ್ತಿದ್ದಳು. ಅವಳ ಪಕ್ಕದಲ್ಲಿ ನೆಬೀಸ. ನೆಬೀಸಳ ಮನೆಯಲ್ಲಿ ಹೊಸ್ತಿಲಿಗೆ ಹೂವಿಡುವ ಪದ್ಧತಿ ಇಲ್ಲ, ಆದರೂ ಅವಳು ಬಾರದ ವರ್ಷವೇ ಇಲ್ಲ. "ಈ ಕಮ್ಯುನಿಸ್ಟನ್ನು ಎಷ್ಟು ಕಿತ್ರೂ ಮತ್ತೆ ಬರುದು ಟೀಚರೇ, ಇದಕ್ಕೆ ಸೋಲು ಅಂತ ಒಂದು ಗೊತ್ತೇ ಇಲ್ಲ" ಎಂದು ಬೇರಿನ ಮಣ್ಣು ಕೊಡಹಿದಳು. ಶೀಲಾವತಿ ನಕ್ಕಳು. ನಗುತ್ತಲೇ ಮಂಡಲದ ಗೋಡೆಯ ಕಡೆ ನೋಡಿದಳು. ಹೊಸದಾಗಿ ಕಡಿದ ಗೂಟಗಳು ಸಾಲಾಗಿ ಒರಗಿದ್ದವು. ಪಕ್ಕದಲ್ಲಿ ಮುಳ್ಳುತಂತಿಯ ಸುರುಳಿ. ಗುಂಡಿ ತೋಡಲು ಗೊತ್ತುಮಾಡಿದ್ದ ಕುಕ್ಕಪ್ಪ ಹಾರೆಕೋಲು ಹೆಗಲ ಮೇಲಿಟ್ಟುಕೊಂಡು ಬಂದವನು ಅವಳನ್ನು ನೋಡಿ ತಲೆಯ ಮುಂಡಾಸು ಸಡಿಲಿಸಿದ. ಅವನು ಮಾತಾಡುವವನೇ ಅಲ್ಲ ಎಂಬ ಧೈರ್ಯದಲ್ಲಿ ಅವಳು ಒಂದು ವರ್ಷ ಕಳೆದಿದ್ದಳು.

ಕಲ್ಲಿನ ಬಿರುಕುಗಳಲ್ಲಿ ಎದ್ದಿದ್ದ ಒಣಹುಲ್ಲು ಆಯಲು ಕೂತಳು. ಕಳೆದ ವರ್ಷ ಇಲ್ಲಿ ಹುಲ್ಲನ್ನು ಕೈಯಲ್ಲಿ ಆಯ್ದಿರಲಿಲ್ಲ. ಎಂಬತ್ತೊಂದರ ಮೇ, ಮದುವೆಗಳ ತಿಂಗಳು, ಭಾನುವಾರ ಭಾನುವಾರ ಹೆಂಗಸರಿಗೆ ಊಟಕ್ಕೆ ಹೋಗಿಯೇ ಪುರಸೊತ್ತಿಲ್ಲ. ಈ ಸಲ ಶ್ರಮದಾನ ಹೇಗೆ ಮಾರಾಯ್ತಿ ಎಂದು ಹರಿಣಾಕ್ಷಿ ತಲೆಬಿಸಿ ಮಾಡಿಕೊಂಡಿದ್ದಾಗ, ನೀವು ಬಿಡಿ, ನಾನು ಮಾಡಿಸುತ್ತೇನೆ ಎಂದಳು ಶೀಲಾವತಿ. ಹೇಳುವಾಗ ಎಷ್ಟು ಸುಖವಾಗಿತ್ತು. ಅವಳು ಹುಟ್ಟಿದ್ದು ಕೊಲ್ಲಮೊಗ್ರಿನಲ್ಲಿ, ಕಾಡಿನ ಬದಿಯಲ್ಲಿ. ಅಲ್ಲಿ ಬೇಸಿಗೆ ಮುಗಿಯುವ ಹೊತ್ತಿಗೆ ಅಪ್ಪ ತರಗೆಲೆ, ಹುಲ್ಲು, ಮೇಲುಮಣ್ಣು ಎಲ್ಲ ಹೆರೆದು ಗುಪ್ಪೆ ಹಾಕಿ, ಒಳಗೆ ಬೆಂಕಿಯಿಟ್ಟು ಮೂರು ದಿನ ಹೊಗೆಯಾಡಿಸಿ ಸುಡುಮಣ್ಣು ಮಾಡುತ್ತಿದ್ದ. ತರಕಾರಿ ಸಾಲಿಗೆ ಅದನ್ನು ಹಾಕಿದರೆ ಬೇರೆ ಗೊಬ್ಬರವೇ ಬೇಡ. ಹೆರೆದ ಜಾಗದಲ್ಲಿ ಜೂನ್ ಕಳೆಯುವ ಮೊದಲೇ ಹಸುರು ಎದ್ದು ನಿಲ್ಲುತ್ತಿತ್ತು. ಆ ಮಣ್ಣಿಗೆ ಆಳವೇ ತಿಳಿಯದು. ಹಾಗಾಗಿ ಹಾರೆ, ಬೆಂಕಿ ಕೂಡದೆಂಬ ಹಳೆಯ ಮಾತನ್ನು ಲೆಕ್ಕಕ್ಕಿಡದೆ ಕುಕ್ಕಪ್ಪನನ್ನು ಕರೆದು ಇಡೀ ಅರ್ಧ ಎಕರೆ ಒಪ್ಪವಾಗಿ ಹೆರೆಸಿದಳು. ಎರಡನೇ ದಿನ ಅವನು ಕೈ ನಿಲ್ಲಿಸಿ, "ಟೀಚರೇ, ಇನ್ನು ಹೆರೆದ್ರೆ ಕಲ್ಲು ಕಾಣ್ತದೆ, ಇಲ್ಲಿ ನಾಲ್ಕು ಬೆರಳು ಮಣ್ಣು ಇರುದು" ಎಂದಿದ್ದ. ತನ್ನ ಅಪ್ಪ ಮಾಡುತ್ತಿದ್ದುದನ್ನು ನೋಡಿ ಬೆಳೆದವಳಿಗೆ ಇವನು ಹೇಳಿಕೊಡುವುದೆಂದರೇನು. "ಹೆರೆ ಕುಕ್ಕಪ್ಪ, ನಂಗೆ ಗೊತ್ತುಂಟು" ಎಂದಳು. ಗುಪ್ಪೆ ಹೊಗೆಯಾಡಿತು. ಸುಡುಮಣ್ಣನ್ನು ಎಲ್ಲಿಗೆ ಹಾಕುವುದು? ಮಂಡಲಕ್ಕೆ ತೋಟವಿಲ್ಲ. ಹಾಳಾಗುವುದು ಬೇಡ ಎಂದು ತನ್ನ ಬಾಡಿಗೆ ಮನೆಯ ಹಿತ್ತಿಲಿಗೆ ಹೊರಿಸಿದಳು. ಮದುವೆ ಊಟ ಮುಗಿಸಿ ಬಂದ ಹೆಂಗಸರು ಗುಡಿಸಿಟ್ಟಂತಿದ್ದ ಜಾಗ ನೋಡಿ ಮೂಗಿನ ಮೇಲೆ ಬೆರಳಿಟ್ಟರು. ತರಗೆಲೆಯನ್ನೆಲ್ಲ ತೆಗೆಸಿದೆ ಎಂದಳು. ಮಣ್ಣಿನ ಸುದ್ದಿ ಹೇಳಬೇಕೆಂದು ಆಗ ಅನಿಸಿಯೇ ಇರಲಿಲ್ಲ, ಅದೊಂದು ದೊಡ್ಡ ವಿಷಯವೇ ಆಗಿರಲಿಲ್ಲ.

ಆ ವರ್ಷ ಅವಳ ಹಿತ್ತಿಲಿನ ಬೆಂಡೆಕಾಯಿ ಊರಿಗೇ ಸಾಕಾಯಿತು. ಎಲ್ಲರ ಮನೆಗೂ ಕಳುಹಿಸಿದಳು, ಪದವಿನಾಚೆ ಸರ್ಕಾರ ಕೊಟ್ಟ ಐದು ಸೆಂಟ್ಸ್ ಜಾಗದಲ್ಲಿದ್ದ ಸೀತುವಿನ ಮನೆಗೂ. ಸೀತು ಬೀಡಿ ಕಟ್ಟುವವಳು. ಗಂಡನಿಲ್ಲ, ಒಂದು ಹುಡುಗಿ, ಒಂದು ದನ. ಬೆಂಡೆಕಾಯಿ ಕೊಟ್ಟದ್ದಕ್ಕೆ ಮರುದಿನ ಒಂದು ಸಣ್ಣ ಚೆಂಬು ಹಾಲು ಬಂತು. ಜುಲೈ ಹೋಯಿತು, ಸೋಣ ತಿಂಗಳು ಬಂತು, ಪದವಿನಲ್ಲಿ ಮಳೆನೀರು ಕಲ್ಲಿನ ಮೇಲೆ ಹರಿಯಿತು, ಹೂ ಬರಲಿಲ್ಲ. ಹತ್ತು ದಿನ ತಡವಾಯಿತು ಎಂದರು, ಹದಿನೈದಾಯಿತು. ಹೆಂಗಸರು ಹೊಸ್ತಿಲಿಗೆ ದಾಸವಾಳ ಇಟ್ಟರು, ಅದೂ ಇಲ್ಲದವರು ತುಳಸಿ ಇಟ್ಟರು. ಮರುದಿನ ಮಂಡಲದ ಸಭೆ ಎನ್ನುವಾಗ ಶೀಲಾವತಿ ಸಂಜೆ ಬೆಂಡೆಕಾಯಿ ಕೊಯ್ಯಲು ಹಿತ್ತಿಲಿಗೆ ಹೋದಳು. ಸಾಲಿನ ಅಂಚಿನಲ್ಲಿ, ಬೆಂಕಿ ಸರಿಯಾಗಿ ತಾಗದ ಒಂದು ಹೆಂಟೆಯ ಮೇಲೆ, ಒಂದೇ ಒಂದು ನೀಲಿ ಹೂ ನಿಂತಿತ್ತು. ಅದನ್ನು ನೋಡಿದ ಕ್ಷಣ ತಿಳಿಯಿತು. ಬೀಜವೆಲ್ಲ ಆ ನಾಲ್ಕು ಬೆರಳಿನಲ್ಲೇ ಇತ್ತು. ಹೊಗೆಯಾಡಿಸಿದ್ದು ಅದನ್ನೇ. ಆಚೀಚೆ ನೋಡಿದಳು, ಯಾರೂ ಇಲ್ಲ. ಬಗ್ಗಿ ಅದನ್ನು ಬುಡಸಮೇತ ಕಿತ್ತು, ಒಲೆಗೆ ಹಾಕಲು ಮನಸ್ಸು ಬಾರದೆ, ಬಚ್ಚಲಿನ ಹಿಂದೆ ಎಸೆದಳು. ಎಸೆದ ಕೈಯನ್ನು ತೊಳೆದು ಒಳಗೆ ಬಂದು ಮಕ್ಕಳ ಪರೀಕ್ಷೆಯ ಕಾಗದ ತಿದ್ದಿದಳು. ಕೈಬರಹ ಎಂದಿನಂತೆ ಗುಂಡಗೆ ಇತ್ತು.

"ಟೀಚರೇ, ಎಂತ ಯೋಚನೆ, ಒಂದೇ ಕಡೆ ಕೂತಿದ್ದೀರಿ?" ಎಂದಳು ನೆಬೀಸ. ಕೈಯಲ್ಲಿ ಹಿಡಿದ ಹುಲ್ಲನ್ನು ಬುಟ್ಟಿಗೆ ಹಾಕಿ ಶೀಲಾವತಿ ಒಂದು ಮಾರು ಮುಂದೆ ಜರುಗಿದಳು. ಯೋಚನೆ ಏನು, ಹೇಳಬೇಕಾದ ಮಾತಿನ ತಾಲೀಮು. ಕಳೆದ ಒಂದು ವಾರದಿಂದ ಅದೇ ನಡೆದಿತ್ತು. ನನ್ನಿಂದ ಒಂದು ತಪ್ಪಾಗಿದೆ ಎಂದು ಶುರುಮಾಡುವುದೊಂದು ಬಗೆ. ನಾವೆಲ್ಲ ಸೇರಿ ಒಂದು ಅನ್ಯಾಯ ಮಾಡಿದ್ದೇವೆ ಎನ್ನುವುದು ಇನ್ನೊಂದು. ಯಾವ ಬಗೆಯಲ್ಲಿ ಹೇಳಿದರೂ ಕೊನೆಗೆ ಹೆಂಗಸರು ಕಣ್ಣೊರೆಸಿಕೊಂಡು, ಎಂಥ ಟೀಚರು ಎನ್ನುವಲ್ಲಿಗೇ ಅದು ಬಂದು ಮುಟ್ಟುತ್ತಿತ್ತು. ತನ್ನ ತಲೆಯೊಳಗೆ ಕೂಡ ತಾನು ಸೋಲಲು ತಯಾರಿಲ್ಲ ಎಂದು ತಿಳಿದಾಗ ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಗಿತ್ತು. ಪುತ್ತೂರಿನಲ್ಲಿ ಟ್ರೈನಿಂಗಿಗೆ ಸೇರಿದ ಮೊದಲ ದಿನ ಎದ್ದು ನಿಂತು ಮನೆಯ ಅರೆಭಾಷೆಯಲ್ಲೇ ಉತ್ತರ ಹೇಳಿ, ತರಗತಿಗೆ ತರಗತಿಯೇ ನಕ್ಕಾಗ, ಇನ್ನು ಮೇಲೆ ತಪ್ಪಿಲ್ಲದೆ ಮಾತಾಡುವುದು ಎಂದು ಹಟ ತೊಟ್ಟವಳು ಅವಳು. ಆ ಹಟದಿಂದಲೇ ಈ ಊರಿನಲ್ಲಿ ಒಂದು ಸ್ಥಾನ ಸಿಕ್ಕಿತ್ತು. ಪಂಚಾಯಿತಿಯವರೂ ಅರ್ಜಿ ಬರೆಯುವ ಮೊದಲು ಟೀಚರನ್ನು ಒಂದು ಮಾತು ಕೇಳುತ್ತಿದ್ದರು. ಗಂಡನಿಲ್ಲ, ಮಕ್ಕಳಿಲ್ಲ, ಸ್ವಂತ ಮನೆಯಿಲ್ಲ. ತಪ್ಪು ಹೇಳದವಳು ಎಂಬ ಹೆಸರೊಂದಿತ್ತು.

ಕಳೆದ ವರ್ಷದ ಆ ಸಭೆಯ ದಿನ ಎಲ್ಲರ ಮುಖದಲ್ಲೂ ಕಾರಣವೊಂದು ಸಿಕ್ಕಿದರೆ ಸಾಕು ಎಂಬ ಆತುರವಿತ್ತು. ಪದವಿನಲ್ಲಿ ಸೆಗಣಿ ಕಂಡದ್ದನ್ನು ಯಾರೋ ಹೇಳಿದರು. ದಾರಿ ಹಿಡಿದು ಅಲ್ಲಿ ಹೋಗುವ ದನ ಒಂದೇ. ಸೀತು ಬಾಗಿಲ ಬಳಿ ನಿಂತು, "ಒಂದು ದಿನ ಹಗ್ಗ ತುಂಡಾಗಿ ಬಂದಿತ್ತು ಅಕ್ಕ, ಒಂದೇ ದಿನ" ಎಂದಳು. ಹರಿಣಾಕ್ಷಿ ಕೆಟ್ಟವಳಲ್ಲ, ಸರಿ ತಪ್ಪು ತಿಳಿದುಕೊಳ್ಳದೆ ಮಾತಾಡುವವಳೂ ಅಲ್ಲ. ತಿಳಿದವರ ಕಡೆ ತಿರುಗಿ ಕೇಳಿದಳು: "ಟೀಚರೇ, ಒಂದು ದಿನ ದನ ಮೇಯ್ದ್ರೆ ಹೂ ಬುಡಸಮೇತ ಹೋಗ್ತದಾ?" ಎಲ್ಲರೂ ಅವಳನ್ನೇ ನೋಡಿದರು, ಸೀತು ಕೂಡ. ಶೀಲಾವತಿ, "ಹೋಗ್ತದೆ" ಎಂದಳು. ಅಷ್ಟೇ. ಒಂದು ಮಾತು. ಅಂದಿನಿಂದ ಸೀತು ಮಂಡಲಕ್ಕೆ ಬರಲಿಲ್ಲ. ದೀಪಾವಳಿಯ ಹೊತ್ತಿಗೆ ಅವಳು ದನವನ್ನು ಮಾರಿದಳೆಂದು ಕೇಳಿದಾಗ ಶೀಲಾವತಿಗೆ ಮೊದಲು ಅನಿಸಿದ್ದು, ಸದ್ಯ, ಇನ್ನು ಆ ಮಾತು ಬರುವುದಿಲ್ಲ ಎಂದು. ಆದರೆ ಮಾತು ಬಂತು. ಕಳೆದ ವಾರ ಹರಿಣಾಕ್ಷಿ ಬೇಲಿಯ ಯೋಚನೆ ತಂದಳು. ದನ ಇಲ್ಲದಿದ್ದರೂ ನಾಳೆ ಇನ್ನೊಂದು ಕಟ್ಟಬಹುದು, ಸುತ್ತ ಮುಳ್ಳುತಂತಿ ಹಾಕಿ ದಾರಿಯನ್ನೇ ಮುಚ್ಚಿಬಿಡುವುದು. ಆ ದಾರಿಯಲ್ಲೇ ಸೀತು ಮಂಡಲದ ಬಾವಿಗೆ ನೀರಿಗೆ ಬರುತ್ತಿದ್ದಳು. ಮುಚ್ಚಿದರೆ ಕೋರೆಯನ್ನು ಬಳಸಿ, ಕೊಡ ಹೊತ್ತು, ಅರ್ಧ ಮೈಲಿಯ ಸುತ್ತು.

ಮಜ್ಜಿಗೆ ಕುಡಿಯಲು ಎಲ್ಲರೂ ಗೇರು ಮರದ ನೆರಳಿಗೆ ಬಂದಾಗ ಕುಕ್ಕಪ್ಪನ ಹಾರೆಕೋಲಿನ ಸದ್ದು ನಿಂತಿತು. ಅವನು ಬಂದು ಹರಿಣಾಕ್ಷಿಯ ಮುಂದೆ ನಿಂತು, "ಅಕ್ಕ, ಗೂಟ ನಿಲ್ಲುದಿಲ್ಲ. ಇಲ್ಲಿ ಮಣ್ಣೇ ಇಲ್ಲ, ಹಾರೆ ಹಾಕಿದ ಕೂಡ್ಲೆ ಕಲ್ಲು" ಎಂದ.

"ಮಣ್ಣು ಇಲ್ಲಾಂದ್ರೆ? ಮೊದ್ಲು ಇತ್ತಲ್ಲ. ಆಚೆ ಬದಿ ಉಂಟಲ್ಲ."

"ಆಚೆ ಬದಿ ಉಂಟು. ಇಲ್ಲಿ ಇಲ್ಲ" ಎಂದ ಕುಕ್ಕಪ್ಪ. ಹೇಳಿ, ಒಂದು ಗಳಿಗೆ ಮಾತ್ರ, ಶೀಲಾವತಿಯ ಕಡೆ ನೋಡಿದ.

ಅದೇ ಹೊತ್ತಿಗೆ ಸೀತು ಕೊಡ ಹಿಡಿದುಕೊಂಡು ದಾರಿಯಲ್ಲಿ ಬರುತ್ತಿದ್ದಳು. ಇಷ್ಟು ಜನರನ್ನೂ ಗೂಟಗಳನ್ನೂ ನೋಡಿ ಅವಳ ನಡಿಗೆ ಸಣ್ಣದಾಯಿತು. ಹಿಂದೆ ಹೋಗಲೂ ಆಗದೆ, ಮುಂದೆ ಬರಲೂ ಆಗದೆ, ಕೊಡವನ್ನು ಒಂದು ಸೊಂಟದಿಂದ ಇನ್ನೊಂದಕ್ಕೆ ಬದಲಿಸಿದಳು. ಯಾರೂ ಬಾ ಎನ್ನಲಿಲ್ಲ. ಶೀಲಾವತಿಯ ಕೈಯಲ್ಲಿದ್ದ ಲೋಟದಲ್ಲಿ ಮಜ್ಜಿಗೆ ಅರ್ಧ ಉಳಿದಿತ್ತು. ಅದನ್ನು ಕೆಳಗಿಟ್ಟಳು. ತಾಲೀಮು ಮಾಡಿದ ಒಂದು ವಾಕ್ಯವೂ ನೆನಪಿಗೆ ಬರಲಿಲ್ಲ.

"ದನ ತಿಂದು ಹೋದದ್ದಲ್ಲ ಅದು. ನಾನು ಹೆರೆಸಿದ್ದು. ಮಣ್ಣು ಸಮೇತ."

ಹರಿಣಾಕ್ಷಿ ಅವಳ ಮುಖವನ್ನೇ ನೋಡಿದಳು, ಆಮೇಲೆ ಸೀತುವನ್ನು, ಆಮೇಲೆ ಮತ್ತೆ ಅವಳನ್ನು. ನಿಧಾನವಾಗಿ ಅವಳ ಕಣ್ಣಿನಲ್ಲಿ ನೀರು ತುಂಬಿತು. "ನೋಡು ಸೀತು" ಎಂದಳು, "ನಿನ್ನ ದಾರಿ ಹೋಗ್ತದೆ ಅಂತ ಟೀಚರ್ ತಪ್ಪನ್ನು ತನ್ನ ಮೈಮೇಲೆ ಹಾಕಿಕೊಳ್ಳುದು. ಇಂಥವ್ರು ಎಲ್ಲಿ ಸಿಗ್ತಾರೆ? ಆಯ್ತು ಟೀಚರೇ, ನಿಮ್ಮ ಮಾತಿಗೆ ಬೇಲಿ ಬಿಡುವ. ದಾರಿ ಇರ್ಲಿ." ಹೆಂಗಸರಲ್ಲಿ ಒಬ್ಬಿಬ್ಬರು ಹೌದು ಹೌದು ಎಂದರು. ಯಾರೋ ಅವಳ ಲೋಟಕ್ಕೆ ಇನ್ನಷ್ಟು ಮಜ್ಜಿಗೆ ಹಾಕಿದರು.

ಎಲ್ಲ ಮುಗಿದಿತ್ತು. ಬೇಲಿ ಇಲ್ಲ, ದಾರಿ ಉಳಿಯಿತು, ಹೇಳಬೇಕಾದದ್ದನ್ನು ಹೇಳಿಯೂ ಆಗಿತ್ತು. ನಂಬದಿದ್ದರೆ ಅದು ಅವರ ತಪ್ಪು. ಇಷ್ಟು ಸುಲಭವಾಗಿ ಬಿಡುಗಡೆ ಸಿಗಬಹುದೆಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ. ಲೋಟವನ್ನೆತ್ತಿ ಒಂದು ಗುಟುಕು ಕುಡಿದಳು ಕೂಡ. ಇಂಗು, ಹಸಿಮೆಣಸು, ತಂಪು. ಆಗ ಸೀತು ಎರಡು ಹೆಜ್ಜೆ ಮುಂದೆ ಬಂದು, ಕೊಡ ಕೆಳಗಿಟ್ಟು, ಎರಡೂ ಕೈ ಮುಗಿದಳು. "ದೊಡ್ಡ ಉಪಕಾರ ಆಯ್ತು ಟೀಚರೇ" ಎಂದಳು. ಬೀಡಿ ಎಲೆ ಕತ್ತರಿಸಿ ಕತ್ತರಿಸಿ ತುದಿ ಕಪ್ಪಾದ ಬೆರಳುಗಳು. ಅವು ಹಾಗೆ ತನ್ನ ಕಡೆ ಜೋಡಿಸಿ ನಿಂತದ್ದನ್ನು ನೋಡಿ ಶೀಲಾವತಿ ಲೋಟವನ್ನು ಮತ್ತೆ ಕೆಳಗಿಟ್ಟಳು.

"ಉಪಕಾರ ಅಲ್ಲ. ಕುಕ್ಕಪ್ಪ, ನೀನು ಹೇಳು. ಕಳೆದ ವರ್ಷ ಇಲ್ಲಿಂದ ಎಷ್ಟು ಬುಟ್ಟಿ ಮಣ್ಣು ನಮ್ಮ ಹಿತ್ತಿಲಿಗೆ ಹೊತ್ತೆ?"

ಕುಕ್ಕಪ್ಪ ನೆಲ ನೋಡಿದ. "ನಂಗೆ ನೆನಪಿಲ್ಲ ಟೀಚರೇ" ಎಂದ. ಅವನ ಮುಖದಲ್ಲಿ ಸುಳ್ಳು ಹೇಳುವವನ ಅಳುಕಿರಲಿಲ್ಲ, ಬಿದ್ದವರನ್ನು ಎಬ್ಬಿಸಲು ಕೈ ಕೊಡುವವನ ಕನಿಕರವಿತ್ತು. ಆ ಕೈಯನ್ನು ಹಿಡಿಯದಿರಲು ಎಷ್ಟು ಕಷ್ಟವೆಂದು ಅವಳಿಗೆ ಆಗ ತಿಳಿಯಿತು.

"ನಂಗೆ ನೆನಪುಂಟು" ಎಂದಳು. ಪುಸ್ತಕದ ಕನ್ನಡ ಎಲ್ಲಿಗೋ ಹೋಗಿತ್ತು. "ಸುಡುಮಣ್ಣು ಮಾಡ್ಸಿದೆ. ನಮ್ಮ ಊರಲ್ಲಿ ಹಾಗೆ ಮಾಡುದು. ಇಲ್ಲಿ ಮಾಡ್ಬಾರ್ದು ಅಂತ ಕುಕ್ಕಪ್ಪ ಹೇಳಿದ, ನಾನು ಕೇಳ್ಲಿಲ್ಲ. ನೀವೆಲ್ಲ ತಿಂದ ಬೆಂಡೆಕಾಯಿ ಆ ಮಣ್ಣಿದ್ದು. ಹಿತ್ತಿಲಲ್ಲಿ ಒಂದು ಹೂ ಎದ್ದಿತ್ತು. ಯಾರಾದ್ರೂ ನೋಡಿದ್ರೆ ಗೊತ್ತಾಗ್ತದೆ ಅಂತ ನಾನೇ ಕಿತ್ತು ಬಿಸಾಡಿದೆ."

ಈ ಸಲ ಯಾರೂ ಕಣ್ಣೊರೆಸಿಕೊಳ್ಳಲಿಲ್ಲ. ಹರಿಣಾಕ್ಷಿಯ ಮುಖ ಕೆಂಪಾಯಿತು. ಮೋಸಹೋದವರಿಗಾಗುವ ಅವಮಾನ ಅದು. ಸರಿಯಾಗಿಯೇ ಮುಚ್ಚಿದ್ದ ಪಾತ್ರೆಯ ಮುಚ್ಚಳವನ್ನು ಇನ್ನೊಮ್ಮೆ ಮುಚ್ಚಿದಳು. ನೆಬೀಸ ತಲೆಯ ವಸ್ತ್ರವನ್ನು ಮುಂದೆಳೆದುಕೊಂಡು, "ಯಾ ಅಲ್ಲಾ" ಎಂದಳು, ಬಹಳ ಮೆಲ್ಲಗೆ.

ಸೀತು ಮುಗಿದ ಕೈಯನ್ನು ಬಿಟ್ಟಿದ್ದಳು. ಕೋಪವಿದೆಯೇ ಎಂದು ಶೀಲಾವತಿ ಅವಳ ಮುಖದಲ್ಲಿ ಹುಡುಕಿದಳು, ಇದ್ದರೆ ಒಳ್ಳೆಯದಿತ್ತು. ಸೀತು ಏನನ್ನೋ ಲೆಕ್ಕಹಾಕುವಂತೆ ಕಣ್ಣು ಸಣ್ಣ ಮಾಡಿದ್ದಳು.

"ಹೂ ಕಿತ್ತದ್ದು ಯಾವಾಗ?"

"ಸಭೆಯ ಹಿಂದಿನ ದಿನ."

"ಹಾಗಾದ್ರೆ ಅವತ್ತು 'ಹೋಗ್ತದೆ' ಅಂತ ಹೇಳುವಾಗ ನಿಮಗೆ ಗೊತ್ತಿತ್ತು."

ಇಲ್ಲ ಎನ್ನಲು ಒಂದು ಸಣ್ಣ ಜಾಗ ಆಗಲೂ ಇತ್ತು. ಸಂಶಯವಿತ್ತು, ಪೂರ್ತಿ ಗೊತ್ತಿರಲಿಲ್ಲ ಎಂದರೆ ನಡೆಯುತ್ತಿತ್ತು. ಎಲ್ಲರೂ ಅವಳಿಗಾಗಿ ಅದನ್ನೇ ಕಾಯುತ್ತಿದ್ದಂತೆಯೂ ಇತ್ತು.

"ಗೊತ್ತಿತ್ತು" ಎಂದಳು ಶೀಲಾವತಿ.

ಸೀತು ಬಗ್ಗಿ ಕೊಡ ಎತ್ತಿಕೊಂಡಳು. ಅವಳು ಮಾತಾಡಿದ್ದು ಹರಿಣಾಕ್ಷಿಗೂ ಅಲ್ಲ, ಬೇರೆಯವರಿಗೂ ಅಲ್ಲ.

"ಬೇರೆ ಯಾರು ಹೇಳಿದ್ರೂ ನಾನು ಜಗಳ ಮಾಡ್ತಿದ್ದೆ ಟೀಚರೇ. ನನ್ನ ದನ ನಂಗೆ ಗೊತ್ತಿಲ್ವಾ? ಆದ್ರೆ ನೀವು ಹೇಳಿದ್ದು. ನನ್ನ ಮಗಳಿಗೆ ಓದ್ಲಿಕ್ಕೆ ಕಲಿಸಿದವ್ರು. ನಾನೂ ನಂಬಿದೆ. ಮನೆಗೆ ಹೋಗಿ ಅದನ್ನು ಕಟ್ಟಿ ಹಾಕಿ ಹೊಡೆದೆ. ಗಬ್ಬದ ದನ. ಕೈ ಸೋಲುವವರೆಗೆ ಹೊಡೆದೆ. ಅದು ಹೊಡೆಸಿಕೊಂಡು ನನ್ನ ಮುಖ ನೋಡ್ತಾ ನಿಂತಿತ್ತು."

ಕ್ಷಮಿಸು ಎಂಬ ಮಾತು ಶೀಲಾವತಿಯ ನಾಲಗೆಯ ತುದಿಗೆ ಬಂದು, ಅದನ್ನು ಯಾರಿಗೆ ಹೇಳುವುದೆಂದು ತಿಳಿಯದೆ ನಿಂತಿತು. "ಅದು ಈಗ ಎಲ್ಲಿ ಉಂಟು?" ಎಂದು ಕೇಳಿದಳು.

"ಗೊತ್ತಿಲ್ಲ. ಕೊಂಡವ ಅದನ್ನು ಮತ್ತೆ ಮಾರಿದನಂತೆ" ಎಂದು ಸೀತು ಗೂಟಗಳ ಪಕ್ಕದಿಂದ ಹಾದು ಬಾವಿಯ ಕಡೆಗೆ ಹೋದಳು.